ಮನೆಮಂದಿಯೆಲ್ಲ ಬೈಸಿಕಲ್ ಏರುವ ಮುನ್ನ

ನಮ್ಮ ಯಲಬುರ್ಗಾ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದು ಬೈಸಿಕಲ್ ಗೋಡೆಗೆ ಒರಗಿ ನಿಂತಿದೆ. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಮೇಲೆ ಅದು ಬಡವರ ಮನೆಗೂ ಬಂದಿತು. ಶಾಲೆ ಮುಗಿದೊಡನೆ ಅದಕ್ಕೆ ತುಕ್ಕು ಹಿಡಿಯುತ್ತದೆ. ಕುಳಿತಲ್ಲೇ ಕುಳಿತ ಹಿರಿಯರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಅಂಟಿಕೊಳ್ಳುತ್ತವೆ. ಸದ್ಭಕ್ತರು ಭಾನುವಾರದ ಬೆಳಗು ಮನೆಮಂದಿಯೊಡನೆ ಬೈಸಿಕಲ್ ಏರಿದರೆ ಎರಡಕ್ಕೂ ಒಳಿತಾದೀತು.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಬೈಸಿಕಲ್ ಮೇಲೆ ಮೈಭಾರವನ್ನು ಸೀಟು ಹೊರುವುದರಿಂದ ಮೊಣಕಾಲಿಗೆ ಹೊರೆ ಕಡಿಮೆ. ಪೆಡಲು ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಷ್ಟು ಸೀಟು ಎತ್ತರವಿರಲಿ.

ಮನೆಯಲ್ಲಿ ಎಲ್ಲರಿಗಿಂತ ಬಲಹೀನರು ಯಾರೋ, ಅವರ ಕಾಲಬಲವೇ ದಾರಿಯ ಅಳತೆಯಾಗಬೇಕು. ಮೊದಲ ಸಲ ಅರ್ಧ ಗಂಟೆ ಹೋಗಿ, ಅಷ್ಟೇ ಹೊತ್ತಿನಲ್ಲಿ ಮರಳಿದರೆ ಸಾಕು. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರುವ ದಿಕ್ಕನ್ನು ಆರಿಸಿಕೊಂಡರೆ ದಣಿದ ಮಕ್ಕಳಿಗೆ ಮರಳುವುದು ಹಗುರವಾಗುತ್ತದೆ.

ನಮ್ಮದು ಎರೆಭೂಮಿ. ಮಳೆಯಾದ ಮರುದಿನ ಹೊಲದ ದಾರಿ ಹಿಡಿದರೆ ಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಚಕ್ರವೇ ತಿರುಗದು. ಒಣಗಿದ ದಾರಿಯಲ್ಲಿ ಜಾಲಿಮುಳ್ಳಿನ ಕಾಟ. ಪಂಪು, ಪಂಕ್ಚರ್ ಸಾಮಾನು ಜೊತೆಗಿರಲಿ. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಬೆಳೆಯ ಬಳಿ ಇಳಿದು ನಡೆಯುವುದೇ ಕ್ಷೇಮ. ಹಿರಿಯರೊಬ್ಬರು ಮುಂದೆ, ಮತ್ತೊಬ್ಬರು ಕೊನೆಗೆ, ಮಕ್ಕಳು ನಡುವೆ. ಎಲ್ಲರೂ ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕು.

ಬಿಸಿಲೇರುವ ಮುನ್ನ ಮನೆ ಸೇರೋಣ. ನೀರನ್ನು ಬಾಯಾರುವ ಮೊದಲೇ ಕುಡಿಯೋಣ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಮೈ ನಡುಗಿ ಬೆವರು ಕಿತ್ತುಕೊಂಡರೆ ತಕ್ಷಣ ಇಳಿದು ಸಕ್ಕರೆ ತಿನ್ನಬೇಕು, ಅದು ಜೇಬಿನಲ್ಲಿರಲಿ. ಹೃದ್ರೋಗವುಳ್ಳವರು ಮೊದಲು ವೈದ್ಯರನ್ನು ಕೇಳಬೇಕು.

ಕೆಲವು ವಾರಗಳಲ್ಲಿ ಕಾಲು ಪಳಗಿದ ಮೇಲೆ ದೊಡ್ಡ ದಾರಿಯನ್ನು ಯೋಚಿಸಬಹುದು. ಕುಕನೂರಿನವರೆಗೆ ಬೈಸಿಕಲ್ಲುಗಳನ್ನು ಟೆಂಪೋದಲ್ಲಿ ಒಯ್ದು, ಅಲ್ಲಿಂದ ಸುಮಾರು 7 ಕಿ.ಮೀ. ತುಳಿದರೆ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಅಲ್ಲಿದೆ. ತಮ್ಮ ಕಾಲಬಲದಿಂದಲೇ ಅಲ್ಲಿ ತಲುಪಿದ ಮಗು ಆ ಬೆಳಗನ್ನು ಬಹುಕಾಲ ನೆನೆದೀತು. ಆದರೆ ಅವಸರ ಬೇಡ. ಈ ಭಾನುವಾರ ಚಕ್ರಕ್ಕೆ ಗಾಳಿ ತುಂಬಿ, ಬ್ರೇಕು ಪರೀಕ್ಷಿಸಿ, ಊರ ಸುತ್ತ ಒಂದು ಸುತ್ತು ಬಂದರೆ ಸಾಕು.