ರೊಟ್ಟಿ, ಕೌದಿ, ಕೋರಲ್ ಡ್ರಾ

ಬೀದರಿನಲ್ಲಿ ಡಿಸೈನ್ ಕೆಲಸ ಮಾಡಿ ಹೊಟ್ಟೆ ಹೊರೆಯಬೇಕೆಂದರೆ ಮೂರು ಲಿಪಿಗಳ ಜೊತೆ ಏಗುವುದು ಕಲಿತಿರಬೇಕು. ಭಾಲ್ಕಿಯಿಂದ ಬರುವ ಲಗ್ನಪತ್ರಿಕೆ ಹೆಚ್ಚಾಗಿ ಕನ್ನಡದ್ದು, ಔರಾದ್ ಕಡೆಯದರಲ್ಲಿ ಮರಾಠಿ ಜಾಸ್ತಿ, ಬೀದರಿನ ಹಳೇ ಊರಿನ ಮನೆಗಳದ್ದು ಉರ್ದು. ಕನ್ನಡವನ್ನು ‘ನುಡಿ’ಯಲ್ಲಿ ಟೈಪ್ ಮಾಡಿ ಕೋರಲ್ ಡ್ರಾಗೆ ತಂದರೆ ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ಮರಾಠಿಯ ತಲೆಗೆರೆ ಇಡೀ ಸಾಲನ್ನು ಮೇಲಿನಿಂದ ಬಿಗಿದು ಹಿಡಿಯುತ್ತದೆ. ಉರ್ದುವನ್ನು ಇನ್‌ಪೇಜ್‌ನಲ್ಲೇ ಹೊಂದಿಸಿ, ಬಲದಿಂದ ಎಡಕ್ಕೆ ಇಳಿಜಾರಾಗಿ ಬರುವ ಆ ನಸ್ತಾಲೀಕ್ ಸಾಲನ್ನು ಚಿತ್ರದ ಹಾಗೆ ಎತ್ತಿ ತಂದು ಕೂರಿಸಬೇಕು. ಗಡಿಯ ಕೆಲವು ಮದುವೆಗಳಲ್ಲಿ ಹುಡುಗಿಯ ಕಡೆಗೆ ಕನ್ನಡ, ಹುಡುಗನ ಕಡೆಗೆ ಮರಾಠಿ. ಒಂದು ಕಡೆಯ ಅಕ್ಷರ ತುಸು ದಪ್ಪವಾದರೂ ಬೀಗರಲ್ಲಿ ಮುನಿಸು.

ಬೋರ್ಡು ಯಾವ ಲಿಪಿಯಲ್ಲಿರಬೇಕು ಎನ್ನುವುದು ಈ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಇದಕ್ಕಿಂತ ದೊಡ್ಡ ಮಾತಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಇಲ್ಲಿ ಇಂದಿಗೂ ಮನೆಮನೆಯಲ್ಲಿ ನೆನೆಯುತ್ತಾರೆ. ನಾನು ಎರಡೂ ಲಿಪಿಯನ್ನು ಒಂದೇ ದಿನ ಹೊಂದಿಸಿ ಎರಡಕ್ಕೂ ಬಿಲ್ ಹಾಕುತ್ತೇನೆ.

ನನ್ನದು ಮನೆಯಲ್ಲೇ ಕೂತು ಮಾಡುವ ಫ್ರೀಲಾನ್ಸ್ ಕೆಲಸ. ತವರು ಔರಾದ್ ಕಡೆ, ಗಂಡನ ಮನೆ ಭಾಲ್ಕಿ, ಸಂಸಾರ ಬೀದರಿನಲ್ಲಿ. ಎರಡೂ ಊರು ಇಲ್ಲಿಂದ ಸುಮಾರು 40 ಕಿಲೋಮೀಟರ್. ಕಾರ್ಡು, ಫ್ಲೆಕ್ಸು, ದವಾಖಾನೆಯ ಲೆಟರ್‌ಹೆಡ್ಡು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಹೈದರಾಬಾದು, ಬೆಂಗಳೂರಿನ ಸಣ್ಣಪುಟ್ಟ ಕಂಪನಿಗಳ ಲೋಗೊ, ಬಂದದ್ದನ್ನು ಬಿಡುವುದಿಲ್ಲ. ಲಗ್ನದ ಸೀಸನ್ನಿನಲ್ಲಿ ರಾತ್ರಿ ಎರಡರ ತನಕ ಕೆಲಸ, ಆಷಾಢ ಬಂತೆಂದರೆ ಫೋನೇ ಇಲ್ಲ. ಮುಂಗಡ ಕೇಳಿದರೆ ‘ನಾವೇನ್ ಓಡಿ ಹೋಗ್ತೀವೇನ್ರಿ ಅಕ್ಕಾರ?’ ಎನ್ನುತ್ತಾರೆ. ‘ಲೋಗೊ ಸ್ವಲ್ಪ ದೊಡ್ಡದು ಮಾಡ್ರಿ’ ಎಂದು ಬೆಳಿಗ್ಗೆ ಹೇಳಿದವರೇ ಸಂಜೆ ‘ಮೊದಲಿಂದೇ ಚೊಲೋ ಇತ್ತು’ ಎನ್ನುತ್ತಾರೆ. ಕಣ್ಣು ದಣಿಯುತ್ತದೆ, ತಲೆ ದಣಿಯುತ್ತದೆ, ಕೈಗೆ ಮಾತ್ರ ಮೌಸ್ ಬಿಟ್ಟರೆ ಮುಟ್ಟಲು ಏನೂ ಇರುವುದಿಲ್ಲ. ಅಡುಗೆ, ಸೂಜಿದಾರ, ಪೆನ್ಸಿಲ್ಲು ನನ್ನ ದಿನದೊಳಗೆ ಬಂದದ್ದು ಆ ಕೈಯ ದೆಸೆಯಿಂದ.

ಮಧ್ಯಾಹ್ನ ಮಾನಿಟರ್ ಆರಿಸಿ ಜೋಳದ ಹಿಟ್ಟು ಹಿಡಿಯುತ್ತೇನೆ. ಜೋಳಕ್ಕೆ ಗೋಧಿಯ ಜಿಗಿ ಇಲ್ಲ, ಅದಕ್ಕೇ ಕುದಿಯುವ ಎಸರು ಬೇಕು. ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಸುರಿದು, ಮೊದಲು ಚಮಚದಲ್ಲಿ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಅಂಟು. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಬಡಿಯುವಾಗ ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚನ್ನು ತಿರುಗಿಸುತ್ತಲೇ ಇರಬೇಕು. ಹಂಚಿಗೆ ಹಾಕಿದ ಕೂಡಲೇ ಒಣಹಿಟ್ಟು ಹತ್ತಿದ ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಬೇಕು. ಅಲ್ಲಿ ತಡವಾದರೆ ರೊಟ್ಟಿ ಬಿರಿಯುತ್ತದೆ, ಉಬ್ಬುವುದಿಲ್ಲ. ಇಷ್ಟು ಹೊತ್ತು ಬೇರೆ ಯಾವ ಯೋಚನೆಗೂ ಜಾಗವಿಲ್ಲ, ನನಗೆ ಬೇಕಾದದ್ದೂ ಅದೇ. ಜೊತೆಗೆ ಪುಂಡಿ ಪಲ್ಯ ಇದ್ದರೆ ಹಬ್ಬ, ಇಲ್ಲದಿದ್ದರೆ ಶೇಂಗಾ ಹಿಂಡಿ, ಮೊಸರು.

ಇದನ್ನು ಹವ್ಯಾಸ ಎಂದರೆ ನಮ್ಮವ್ವ ನಗುತ್ತಾಳೆ. ತುಂಬಿದ ಮನೆಯಲ್ಲಿ ನಸುಕಿಗೇ ಎದ್ದು, ಕಟ್ಟಿಗೆ ಒಲೆಯ ಹೊಗೆ ಕುಡಿದು ಬುಟ್ಟಿಗಟ್ಟಲೆ ಬಡಿದವಳು ಆಕೆ. ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಎಣಿಸಿ ಕೊಡುವ ಹೆಂಗಸರೂ ನಕ್ಕಾರು. ಅವರಿಗೆ ಅದು ಭುಜ ಹಿಡಿದುಕೊಳ್ಳುವ ಕೂಲಿ. ನಾನು ನಾಲ್ಕು ರೊಟ್ಟಿಗೆ ಕೈ ತೊಳೆದುಕೊಳ್ಳುತ್ತೇನೆ, ಬೇಸರವಾದ ದಿನ ಅನ್ನಕ್ಕಿಡುತ್ತೇನೆ. ಬೇಡ ಎನ್ನುವ ಸ್ವಾತಂತ್ರ್ಯ ಇರುವುದಕ್ಕೇ ನನಗೆ ಅಡುಗೆ ಹಗುರ. ಮನೆಯಡುಗೆಯನ್ನು ಹಾಡಿ ಹೊಗಳುವ ಬರಹಗಳು ಈ ಮಾತನ್ನು ಸಾಮಾನ್ಯವಾಗಿ ನುಂಗಿಬಿಡುತ್ತವೆ.

ಸ್ವಾತಂತ್ರ್ಯದ ಮಾತು ನಡೆಯದ ಒಂದು ಅಡುಗೆ ವರ್ಷಕ್ಕೊಮ್ಮೆ ಬರುತ್ತದೆ. ಎಳ್ಳಮಾವಾಸ್ಯೆ. ಮಾರ್ಗಶಿರದ ಕೊನೆಗೆ, ಡಿಸೆಂಬರ್–ಜನವರಿಯ ಚಳಿಯಲ್ಲಿ ಬೀದರ್ ಜಿಲ್ಲೆಯ ಊರಿಗೆ ಊರೇ ಹೊಲದಲ್ಲಿರುತ್ತದೆ. ಗಡಿಯಾಚೆ ಉದಗೀರ್, ಲಾತೂರ್ ಕಡೆಯೂ ಅದೇ ಹಬ್ಬ, ಅದೇ ಊಟ. ಅವತ್ತು ಯಾವ ಗಿರಾಕಿಯೂ ಫೋನ್ ಮಾಡುವುದಿಲ್ಲ, ಮಾಡಿದರೂ ‘ಭಜ್ಜಿ ಆಯ್ತೇನ್ರಿ?’ ಎಂದು ಕೇಳಲಿಕ್ಕೆ.

ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಋತುವಿನಲ್ಲಿ ಹೊಲದಲ್ಲಿ, ಸಂತೆಯಲ್ಲಿ ಏನೇನು ಹಸಿರು ಸಿಗುತ್ತದೋ ಎಲ್ಲ ಒಂದೇ ಗಡಿಗೆಗೆ ಬೀಳುತ್ತದೆ: ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಪಾಲಕ್, ಬದನೆ, ಗಜ್ಜರಿ, ಕೊನೆಗೆ ಬಾರೆಹಣ್ಣು ಸಹ. ಕಾಳು ಬೆಂದ ಮೇಲೆ ಸೊಪ್ಪು, ಆಮೇಲೆ ಹುಣಸೆ ಹುಳಿ, ಕಡಲೆ ಹಿಟ್ಟು ಕದಡಿದ ನೀರು, ಹಸಿಮೆಣಸು ಬೆಳ್ಳುಳ್ಳಿಯ ಒಗ್ಗರಣೆ. ಬಣ್ಣದ ಕೆಲಸ ಮಾಡುವವಳಾದ್ದರಿಂದ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಹುಳಿ ಬೀಳುವ ತನಕ ಗಡಿಗೆಯೊಳಗೆ ಹತ್ತು ಬಗೆಯ ಹಸಿರು, ಹುಳಿ ಬಿದ್ದು ಕುದಿ ಬಂದೊಡನೆ ಅಷ್ಟೂ ಸೇರಿ ಒಂದೇ ಮಬ್ಬು ಹಸಿರು. ಸೊಪ್ಪಿನ ಹಸಿರಿಗೆ ಹುಳಿ ಆಗುವುದಿಲ್ಲ. ಫೋಟೊದಲ್ಲಿ ಭಜ್ಜಿ ಚೆಂದ ಬರುವುದೇ ಇಲ್ಲ, ಎಷ್ಟು ಎಡಿಟ್ ಮಾಡಿದರೂ ಅಷ್ಟೇ. ಬಾಯಿಗೆ ಬೇರೆಯೇ ಲೆಕ್ಕ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಉಂಡಿ, ಹೋಳಿಗೆ, ಹಿಂದಿನ ರಾತ್ರಿಯೇ ಮಡಕೆಯಲ್ಲಿ ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ ಹಾಕಿಟ್ಟ ಜೋಳದ ಅಂಬಲಿ, ಎಲ್ಲ ಹೊತ್ತು ಹೊಲಕ್ಕೆ ಹೋಗಬೇಕು. ಕಣಿಕೆಯ ಪುಟ್ಟ ಕೊಂಪೆಯೊಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ಸುತ್ತ ಆ ಅಡುಗೆಯನ್ನೇ ಚರಗವೆಂದು ಚೆಲ್ಲಿದ ಮೇಲೆ ಊಟ. ಔರಾದ್ ತಾಲ್ಲೂಕಿನ ನಮ್ಮ ಹೊಲದ ದಾರಿಯಲ್ಲಿ ಹೋಗುವವರು ಯಾವ ಜಾತಿ, ಯಾವ ಊರು ಎಂದು ಯಾರೂ ಕೇಳುವುದಿಲ್ಲ. ‘ಬರ್ರಿ ಕಾಕಾ, ಎರಡ ತುತ್ತ ಉಂಡ ಹೋಗ್ರಿ’ ಎಂದು ಕೈ ಹಿಡಿದು ಕೂರಿಸುತ್ತಾರೆ.

ಭಾಲ್ಕಿಯಿಂದ ನನಗೆ ಬಂದದ್ದು ಕೌದಿ. ‘ಎಷ್ಟೊತ್ತ ಅದರ ಮುಂದ ಕುಂದರ್ತಿ, ಕಣ್ಣು ಹೋಗ್ತಾವ. ಏಳು, ಒಂದೀಟ ಸೂಜಿ ಹಿಡಿ’ ಎಂದು ಅತ್ತೆ ಕೂರಿಸಿದ್ದು. ಸೂಜಿ ಹಿಡಿದರೆ ಕಣ್ಣು ಉಳಿಯುತ್ತವೆಯೇ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಹಳೆಯ ನೂಲಿನ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರುವಂತೆ ಎಳೆ ಹೊಲಿಗೆ ಹಾಕಬೇಕು. ಪಾಲಿಯೆಸ್ಟರ್ ಸೀರೆಯನ್ನು ಅತ್ತೆ ಹತ್ತಿರ ಸೇರಿಸುವುದಿಲ್ಲ. ಅದು ಸೂಜಿ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ತೊಳೆದ ಮೇಲೆ ನೂಲಿನ ಜೊತೆ ಹೊಂದುವುದಿಲ್ಲ. ಇಳಕಲ್ ಸೀರೆಯ ದಡಿ ಸಿಕ್ಕರೆ ಮಾತ್ರ ಅಂಚಿಗೆ ಕಾದಿಡುತ್ತಾರೆ.

ನನ್ನ ಕೌದಿಯ ಚಿತ್ತಾರ ಬಂದದ್ದು ಬೀದರಿನ ಮಹಮೂದ್ ಗವಾನ್ ಮದರಸಾದಿಂದ. 1472ರಲ್ಲಿ ಮುಗಿದ ಕಟ್ಟಡ ಅದು. 1696ರ ಸ್ಫೋಟದಲ್ಲಿ ಅರ್ಧದಷ್ಟು ಬಿದ್ದುಹೋಗಿ, ಎರಡು ಮಿನಾರುಗಳಲ್ಲಿ ಉಳಿದದ್ದು ಒಂದು. ಅದರ ಮೈಮೇಲೆ ಅಂಕುಡೊಂಕಾಗಿ ಏರಿಹೋಗುವ ಬಣ್ಣದ ಹೆಂಚುಗಳ ಸಾಲು ಅಲ್ಲಲ್ಲಿ ಹಾಗೇ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಪೆನ್ಸಿಲ್ಲು, ಚೌಕುಳಿ ಹಾಳೆ ತೆಗೆದುಕೊಂಡು ಹೋಗುವುದು ನನ್ನ ಇನ್ನೊಂದು ಚಟ. ಹೆಂಚು ಉದುರಿಹೋದ ಕಡೆ ಬರಿ ಗಾರೆ ಕಾಣುತ್ತದೆ, ಚಿತ್ತಾರ ಮುಂದೆ ಹೇಗೆ ತಿರುಗಿತ್ತು ಎಂದು ಲೆಕ್ಕ ಹಾಕಿ ತುಂಬಬೇಕು. ಆ ಅಂಕುಡೊಂಕು ಕೌದಿಗೆ ಬಲು ಹೊಂದುತ್ತದೆ, ಅರಿವೆ ತುಂಡನ್ನು ಓರೆಯಾಗಿ ಕತ್ತರಿಸಿದರಾಯಿತು. ಅತ್ತೆ ನೋಡಿ ‘ಗೆರಿ ಸೊಟ್ಟ ಹೋಗ್ಯಾವಲ್ಲ’ ಎಂದಿದ್ದರು. ನನಗೆ ಬಂದ ವಿಮರ್ಶೆಗಳಲ್ಲಿ ಬಿಲ್ ಹಾಕಲಾಗದ್ದು ಅದೊಂದೇ.

ಕೌದಿ ನೋಡಿದವರು ತಪ್ಪದೆ ಹೇಳುವುದು ಒಂದೇ ಮಾತು: ‘ಇನ್‌ಸ್ಟಾಗ್ರಾಂನಾಗ ಹಾಕ್ರಿ, ಛಲೋ ರೇಟ್ ಬರ್ತದ.’ ಭಜ್ಜಿ ಉಂಡವರೂ ‘ಒಂದು ಯೂಟ್ಯೂಬ್ ಚಾನೆಲ್ ಮಾಡ್ರಿ’ ಎನ್ನುತ್ತಾರೆ. ಹೊಗಳಿಕೆ ಎಂದೇ ಹೇಳುವುದು, ನನಗೂ ಗೊತ್ತು. ಆದರೆ ಕೌದಿಯ ಆರ್ಡರ್ ಹಿಡಿದ ದಿನವೇ ‘ನೀಲಿ ಸ್ವಲ್ಪ ಜಾಸ್ತಿ ಮಾಡ್ರಿ’ ಶುರುವಾಗುತ್ತದೆ. ಆಮೇಲೆ ಅದೂ ನನ್ನ ಕೆಲಸವೇ, ಇನ್ನೊಂದು ಮಾನಿಟರ್. ದುಡಿಮೆ ಬೇಕಾದವರು ಧಾರಾಳವಾಗಿ ಮಾರಲಿ. ನನಗೆ ದುಡಿಮೆ ಇದೆ, ಆದ್ದರಿಂದ ಮಾರುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಇದೇ ಊರಿನ ಇನ್ನೊಂದು ಬಗೆಯ ಮನೆಗಳು ಕಾರಣ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿ, ಅದರ ಅಕ್ಕಪಕ್ಕದ ಗಲ್ಲಿಗಳಲ್ಲಿ ಬಿದ್ರಿ ಕೆಲಸದ ಕಾರ್ಖಾನೆಗಳಿವೆ. ಕಾರ್ಖಾನೆ ಎಂದರೆ ಬಹಳ ಕಡೆ ಮನೆಯ ಮುಂದಿನ ಒಂದು ಕೋಣೆ. ಒಳಗೆ ಚಹಾ ಕುದಿಯುತ್ತಿರುತ್ತದೆ, ಹೊರಗೆ ಸುತ್ತಿಗೆ ಟಕಟಕ. ಮನೆಯಿಂದಲೇ ಕೆಲಸ, ಪೀಸಿನ ಲೆಕ್ಕದ ಮಜೂರಿ, ತಿಂಗಳ ಸಂಬಳ ಇಲ್ಲ. ಫ್ರೀಲಾನ್ಸ್ ಎಂದು ನಾವು ಹೊಸದಾಗಿ ಹೇಳುವ ಬದುಕನ್ನು ಈ ಗಲ್ಲಿಗಳು ತಲೆಮಾರುಗಳಿಂದ ಬಾಳುತ್ತಿವೆ.

ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಉಕ್ಕಿನ ಮೊನೆಯಿಂದ ನೇರವಾಗಿ ಚಿತ್ತಾರ ಬರೆಯುವುದನ್ನು ನಾನು ಎಷ್ಟು ಸಲ ನೋಡಿದರೂ ಸಾಲದು. ಕೆಳಗೆ ಟ್ರೇಸಿಂಗ್ ಇಲ್ಲ, ಸ್ಕೇಲ್ ಇಲ್ಲ, ಹೂಜಿಯ ಹೊಟ್ಟೆ ದುಂಡಗಿದ್ದರೂ ಬಳ್ಳಿ ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆ. ಆಮೇಲೆ ಉಳಿಯಿಂದ ಕೊರೆದ ತೋಡಿಗೆ ಬೆಳ್ಳಿ ತಂತಿ ಇಟ್ಟು ಬಡಿದು ಕೂರಿಸುವುದು. ತಂತಿಯ ಈ ಕೆಲಸಕ್ಕೆ ತಾರಕಶಿ ಎನ್ನುತ್ತಾರೆ.

ಕಡೆಗೆ ಕೋಟೆಯ ಮಣ್ಣು. ಮಳೆ ಬಿಸಿಲು ಬೀಳದ ಹಳೇ ಕಟ್ಟಡಗಳ ಒಳಗಿನ ಮಣ್ಣೇ ಆಗಬೇಕು. ಅದಕ್ಕೆ ನವಸಾಗರ, ನೀರು ಸೇರಿಸಿ, ಕಾಯಿಸಿದ ಪಾತ್ರೆಗೆ ತಿಕ್ಕಿದರೆ ಲೋಹ ಗಾಢ ಕಪ್ಪಾಗಿ ಹಾಗೇ ನಿಲ್ಲುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮಣ್ಣು ಸರಿಯಿದೆಯೇ ಎಂದು ಹಳಬರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಭಜ್ಜಿಗೆ ಹುಳಿ ಸಾಕೋ ಬೇಕೋ ಎಂದು ನಮ್ಮವ್ವ ನೋಡುವುದೂ ಹಾಗೇ, ಅಳತೆಯ ಬಟ್ಟಲು ಇಬ್ಬರ ಬಳಿಯೂ ಇಲ್ಲ.

ಈ ಕಲೆಗೆ ಮನ್ನಣೆ ಬಂದಿಲ್ಲ ಎನ್ನುವಂತಿಲ್ಲ. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದ್ರಿಯದ್ದೇ. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಬೆಳ್ಳಿಯ ದರ ಏರಿದಾಗಲೆಲ್ಲ ಸಣ್ಣ ಕಾರ್ಖಾನೆಯ ಕೈ ಕಟ್ಟುತ್ತದೆ. ಸ್ವಂತ ಬೆಳ್ಳಿ ಕೊಳ್ಳಲಾಗದವರು ವ್ಯಾಪಾರಿ ಕೊಟ್ಟ ಬೆಳ್ಳಿಗೆ ಮಜೂರಿ ಮಾಡಬೇಕು. ‘ನಮ್ಮ ಹುಡುಗ್ರು ಮೊಬೈಲ್ ಅಂಗಡಿಗೆ ಹೋಗ್ಲತ್ತಾರ ಬೇಟಿ, ಇಲ್ಲಿ ಯಾರ್ ಕುಂದರ್ತಾರ’ ಎಂದು ಒಬ್ಬ ಚಾಚಾ ಹೇಳಿದಾಗ ಉತ್ತರ ನನ್ನ ಬಳಿ ಇರಲಿಲ್ಲ.

ಆಗಾಗ ಗಿರಾಕಿಗಳು ಕಾರ್ಡಿಗೆ ‘ಬಿದ್ರಿ ಲುಕ್’ ಕೇಳುತ್ತಾರೆ. ಕಪ್ಪು ನೆಲ, ಬೆಳ್ಳಿ ಬಣ್ಣದ ಬಳ್ಳಿ, ಕಂಪ್ಯೂಟರಿನಲ್ಲಿ ಅರ್ಧ ತಾಸಿನ ಕೆಲಸ. ಮಾಡಿಕೊಡುತ್ತೇನೆ, ಬಳ್ಳಿಗೆ ಯಾರೂ ಒಡೆಯರಲ್ಲ. ಆದರೆ ಮಗ್ಗಿನ ಮೇಲೆ ಆ ಬಳ್ಳಿ ಅಚ್ಚೊತ್ತಿ ‘ಬಿದ್ರಿ’ ಎಂದೇ ಹೆಸರಿಟ್ಟು ಮಾರಲು ಕೇಳಿದವರಿಗೆ ಇಲ್ಲ ಎಂದಿದ್ದೇನೆ. ಆ ಹೆಸರು ಸತು, ಬೆಳ್ಳಿ, ಕೋಟೆಮಣ್ಣಿನದ್ದು.

ಬೀದರಿಗೆ ಬಂದರೆ ಕೋಟೆ ನೋಡಿ ತಿರುಗಿ ಹೋಗಬೇಡಿ. ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್ ನೋಡಿದ ಕಣ್ಣಿನಲ್ಲೇ ಒಂದು ಬಿದ್ರಿ ಕಾರ್ಖಾನೆ ಹೊಕ್ಕು ಬನ್ನಿ. ಕೆಲಸ ಮಾಡುವವರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ಕೊಳ್ಳುವುದಾದರೆ ಸಣ್ಣ ಕುಂಕುಮದ ಡಬ್ಬಿಯಾದರೂ ಸರಿ, ಅಲ್ಲಿ ಚೌಕಾಸಿ ಮಾಡಬೇಡಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಬಂದಿದ್ದರೆ ಔರಾದ್ ರಸ್ತೆಯ ಬದಿಗೆ ಯಾವ ಹೊಲದ ಹತ್ತಿರ ಗಾಡಿ ನಿಲ್ಲಿಸಿದರೂ ಊಟ ಸಿಗುತ್ತದೆ. ಅಲ್ಲಿ ಮಾತ್ರ ಕಿಸೆಗೆ ಕೈ ಹಾಕಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ.