ಪ್ರಾಚೀನ ಗ್ರೀಕ್ ಭಾಷೆಯ ಗತ್ಯರ್ಥಕ ಕ್ರಿಯಾಪದಗಳು

ಹೋಗುವುದು, ಬರುವುದು, ನಡೆಯುವುದು ಮನುಷ್ಯನ ನಿತ್ಯವ್ಯವಹಾರದ ಅತಿ ಸಾಮಾನ್ಯ ಕ್ರಿಯೆಗಳು. ಆದರೆ ಅವುಗಳನ್ನು ಸೂಚಿಸುವ ಶಬ್ದಗಳೇ ಅನ್ಯಭಾಷಿಕನಿಗೆ ಹೆಚ್ಚು ತೊಡಕನ್ನುಂಟುಮಾಡುತ್ತವೆ. ಕರೆದವರಿಗೆ ಕನ್ನಡಿಗನು ಇನ್ನೂ ಹೊರಡುವ ಮೊದಲೇ 'ಇಗೋ ಬಂದೆ' ಎನ್ನುತ್ತಾನೆ. ಮನೆಯಿಂದ ಹೊರಟು ನಿಂತಾಗ 'ಬರುತ್ತೇನೆ' ಎಂದು ಹೇಳುತ್ತಾನೆ. ನಿಘಂಟಿನ ಅರ್ಥವನ್ನಷ್ಟೇ ಬಲ್ಲವನಿಗೆ ಇವೆರಡೂ ಒಗಟುಗಳೇ ಸರಿ. ಶಬ್ದದ ಅರ್ಥವು ಪ್ರಯೋಗದಲ್ಲಿಯೇ ನಿರ್ಣಯವಾಗುತ್ತದೆ ಎಂಬುದಕ್ಕೆ ಪ್ರಾಚೀನ ಗ್ರೀಕ್ ಭಾಷೆಯ ಗತ್ಯರ್ಥಕ ಕ್ರಿಯಾಪದಗಳು ಉತ್ತಮ ನಿದರ್ಶನಗಳಾಗಿವೆ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಅವರು 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಪ್ರತಿಪಾದಿಸಿದರು. ಗತ್ಯರ್ಥಕ ಧಾತುಗಳಲ್ಲಿ ಈ ಬಾಂಧವ್ಯವು ಸ್ಪಷ್ಟವಾಗಿ ಕಾಣುತ್ತದೆ. ಗ್ರೀಕಿನ 'ಪೆತೊಮಾಯ್' (ಹಾರುತ್ತೇನೆ) ಸಂಸ್ಕೃತದ 'ಪತತಿ'ಗೂ, 'ಪ್ಲೆಯೋ' (ನೌಕೆಯಲ್ಲಿ ಸಾಗುತ್ತೇನೆ) 'ಪ್ಲವತೇ'ಗೂ, 'ಹೆರ್ಪೋ' (ತೆವಳುತ್ತೇನೆ) 'ಸರ್ಪತಿ'ಗೂ ಸಂಬಂಧಿಗಳು. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದಂತೆ, ಅಲ್ಲಿ ಪದಾದಿಯ ಸಕಾರವು ಹಕಾರವಾಯಿತು.

ರೂಪಸಾಮ್ಯವಿದ್ದ ಮಾತ್ರಕ್ಕೆ ಪ್ರಯೋಗಸಾಮ್ಯವಿರಬೇಕೆಂದಿಲ್ಲ. ಗ್ರೀಕಿನ 'ಎಯ್ಮಿ', 'ಇಮೆನ್' ಎಂಬ ರೂಪಗಳು ಸಂಸ್ಕೃತದ 'ಏಮಿ', 'ಇಮಃ' ರೂಪಗಳೊಡನೆ ಹೊಂದಿಕೊಳ್ಳುತ್ತವೆ. ಸಂಸ್ಕೃತದಲ್ಲಿ 'ಏಮಿ' ಎಂದರೆ 'ಹೋಗುತ್ತೇನೆ'. ಅಥೆನ್ಸಿನ ಗದ್ಯದಲ್ಲಿಯಾದರೋ 'ಎಯ್ಮಿ' ಎಂದರೆ 'ಮುಂದೆ ಹೋಗುವೆನು'. ರೂಪವು ವರ್ತಮಾನದ್ದು, ಅರ್ಥವು ಭವಿಷ್ಯತ್ತಿನದು. ಇವೇ ಅಕ್ಷರಗಳ ಮತ್ತೊಂದು ಶಬ್ದಕ್ಕೆ 'ಇದ್ದೇನೆ' ಎಂಬ ಅರ್ಥವಿದ್ದು, ಸ್ವರಭಾರವೊಂದೇ ಇವೆರಡನ್ನು ಬೇರ್ಪಡಿಸುತ್ತದೆ. 'ಎರ್ಖೊಮಾಯ್' ಎಂಬುದು ಸಂದರ್ಭಾನುಸಾರವಾಗಿ ಹೋಗುವುದನ್ನೂ ಬರುವುದನ್ನೂ ಸೂಚಿಸುತ್ತದೆ. ಅದರ ಭೂತಕಾಲದ ರೂಪವಾದ 'ಏಲ್ಥೊನ್' ಬೇರೊಂದು ಧಾತುವಿನಿಂದ ಬಂದುದು. 'ಹೇಕೋ' ಎಂಬುದು ವರ್ತಮಾನದ ರೂಪವಾದರೂ ಅದರ ಅರ್ಥ 'ಬರುತ್ತಿದ್ದೇನೆ' ಎಂದಲ್ಲ, 'ಬಂದಿದ್ದೇನೆ' ಎಂದು.

'ಒಯ್ಖೊಮಾಯ್' ಎಂಬ ಶಬ್ದದ ಕಥೆ ಇನ್ನೂ ಗಂಭೀರವಾದುದು. ಹೊರಟುಹೋಗಿರುವುದು ಅದರ ಅರ್ಥ. ಕನ್ನಡದ 'ಹೋಗಿಬಿಟ್ಟರು' ಎಂಬ ಮಾತಿನಂತೆ ಅದು ಮರಣವನ್ನೂ ಧ್ವನಿಸುತ್ತದೆ. ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶಿತವಾದ ಈಸ್ಕಿಲಸನ 'ಪರ್ಷಿಯನ್ನರು' ನಾಟಕದ ಆರಂಭದಲ್ಲಿಯೇ, ಗ್ರೀಸಿಗೆ ದಂಡೆತ್ತಿ ಹೋದ ಸೈನ್ಯವನ್ನು ಕುರಿತು ಪರ್ಷಿಯದ ವೃದ್ಧರು ಈ ಶಬ್ದವನ್ನು ಬಳಸುತ್ತಾರೆ. ಅವರ ಪಾಲಿಗೆ ಅದು ಕೇವಲ 'ಹೋದವರು'. ಬಳಿಕ ದೂತನು ಸೋಲಿನ ವಾರ್ತೆಯನ್ನು ತಂದಾಗ ಅದೇ ಕ್ರಿಯಾಪದವು ವಿನಾಶವನ್ನು ನುಡಿಯುತ್ತದೆ. ಎರಡೂ ಕಡೆ 'ಹೋಗು' ಎಂದಷ್ಟೇ ಬರೆದುಕೊಳ್ಳುವ ವಿದ್ಯಾರ್ಥಿಗೆ ನಾಟಕದ ಈ ಮರ್ಮವು ಕೈತಪ್ಪುತ್ತದೆ.

ಸಂಸ್ಕೃತದ ಉಪಸರ್ಗಗಳು 'ಆಗಮ', 'ನಿರ್ಗಮ', 'ಸಂಗಮ' ಎಂಬ ಶಬ್ದಗಳನ್ನು ನಿರ್ಮಿಸುವಂತೆ, ಗ್ರೀಕಿನಲ್ಲಿ 'ಬೈನೋ' (ಹೆಜ್ಜೆಯಿಡುತ್ತೇನೆ) ಎಂಬ ಕ್ರಿಯಾಪದಕ್ಕೆ 'ಅನ' (ಮೇಲಕ್ಕೆ), 'ಕತ' (ಕೆಳಕ್ಕೆ) ಎಂಬ ಉಪಸರ್ಗಗಳು ಸೇರುತ್ತವೆ. ಕರಾವಳಿಯಿಂದ ಒಳನಾಡಿಗೆ ಹೋಗುವುದು 'ಅನಬಾಸಿಸ್', ಕಡಲಿನತ್ತ ಇಳಿಯುವುದು 'ಕತಬಾಸಿಸ್'. ಕ್ರಿ.ಪೂ. 401ರಲ್ಲಿ ರಾಜಕುಮಾರ ಸೈರಸನೊಡನೆ ಪರ್ಷಿಯ ಸಾಮ್ರಾಜ್ಯದ ಒಳನಾಡಿಗೆ ಸಾಗಿದ ಗ್ರೀಕ್ ಯೋಧರ ವೃತ್ತಾಂತಕ್ಕೆ ಕ್ಸೆನೊಫೋನನ ಗ್ರಂಥವು 'ಅನಬಾಸಿಸ್' ಎಂಬ ಹೆಸರನ್ನು ಹೊತ್ತಿದೆ. ವಾಸ್ತವವಾಗಿ ಅದರ ಬಹುಭಾಗವು ಸೈರಸನು ಹತನಾದ ಮೇಲೆ ಅವರು ಕಪ್ಪುಸಮುದ್ರದತ್ತ ಮರಳಿದ ಕಥೆಯಾಗಿದೆ.

'ಬೈನೋ' ಶಬ್ದದಲ್ಲಿ ಇನ್ನೊಂದು ವಿಶೇಷವಿದೆ. ಸಂಸ್ಕೃತದಲ್ಲಿ 'ಗಮ್', 'ಗಾ' ಎಂಬ ಎರಡು ಗತ್ಯರ್ಥಕ ಧಾತುಗಳಿವೆ. ಇವುಗಳಿಗೆ ಸಂವಾದಿಯಾದ ಧಾತುಗಳು ಗ್ರೀಕಿನಲ್ಲಿ ಒಂದೇ ಕ್ರಿಯಾಪದವಾಗಿ ಬೆರೆತಿವೆ: 'ಬೈನೋ' ಎಂಬುದು 'ಗಮ್'ಗೆ ಸಂಬಂಧಿಸಿದರೆ, ಅದರ ಭೂತರೂಪ 'ಎಬೇನ್' ಸಂಸ್ಕೃತದ 'ಅಗಾತ್'ಗೆ ಸಂಬಂಧಿಸಿದೆ. 'ಗಮ್' ಧಾತುವು ದ್ವಿರುಕ್ತಿಯನ್ನು ಹೊಂದಿ ಸಂಸ್ಕೃತದಲ್ಲಿ 'ಜಂಗಮ' ಎಂಬ ಶಬ್ದವಾಯಿತು. ಸದಾ ಚಲಿಸುವುದು ಎಂದು ಅದರ ಅರ್ಥ. ಗ್ರೀಕಿನಲ್ಲಿ ದ್ವಿರುಕ್ತಿಯಿಂದಾದ ರೂಪ 'ಬೆಬೇಕ'. ಅದರ ಅರ್ಥವಾದರೋ 'ಸ್ಥಿರವಾಗಿ ನಿಂತಿದ್ದೇನೆ'. ಅದೇ ಮೂಲದ 'ಬೆಬೈಯೋಸ್' ಎಂದರೆ ದೃಢ, ವಿಶ್ವಸನೀಯ.

ಶರಣರ ವಚನಗಳ ಪರಂಪರೆಯಲ್ಲಿ ಸ್ಥಾವರ-ಜಂಗಮಗಳ ಭೇದವನ್ನು ಅರಿತ ಓದುಗರಿಗೆ ಇದು ವಿರೋಧಾಭಾಸವೆನಿಸಬಹುದು. ಆದರೆ ಕಾರಣವು ಸರಳವಾಗಿದೆ. ದ್ವಿರುಕ್ತಿಯು ಸಂಸ್ಕೃತದ 'ಜಂಗಮ'ದಲ್ಲಿ ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ತೋರಿದರೆ, ಗ್ರೀಕಿನ ಈ ರೂಪದಲ್ಲಿ ಅದು ಕ್ರಿಯೆಯು ಮುಗಿದು ನೆಲೆಗೊಂಡ ಸ್ಥಿತಿಯನ್ನು ತಿಳಿಸುತ್ತದೆ. ಹೆಜ್ಜೆಯಿಟ್ಟಾಗಿದೆ, ಆದುದರಿಂದ ಪಾದವು ಊರಿದೆ. ಒಂದು ಭಾಷೆಯು ನಡಿಗೆಯಲ್ಲಿ ಎತ್ತಿದ ಹೆಜ್ಜೆಯನ್ನು ಕಂಡಿತು, ಮತ್ತೊಂದು ಊರಿದ ಹೆಜ್ಜೆಯನ್ನು ಕಂಡಿತು. ನಡಿಗೆಗೆ ಎರಡೂ ಬೇಕು. ಭಾಷಾಬೋಧಕರು ಕ್ರಿಯಾಪದವನ್ನು ಪಟ್ಟಿಯಿಂದ ಕಂಠಪಾಠ ಮಾಡಿಸದೆ, ಅದು ಬದುಕುವ ವಾಕ್ಯದೊಳಗೆ ತೋರಿಸಿದರೆ ಇಂತಹ ಸೂಕ್ಷ್ಮಗಳು ವಿದ್ಯಾರ್ಥಿಗಳಿಗೆ ಸುಲಭವಾಗಿ ದಕ್ಕುತ್ತವೆ.