ಮರೆವಿನ ಕಾಯಿಲೆ: ಔಷಧಿ ಇದ್ರೂ ಮೆದುಳಿಗೆ ಯಾಕೆ ಹೋಗಲ್ಲ?

ಮೊನ್ನೆ ಕಿರಾಣಿ ಅಂಗಡಿಯೊಬ್ಬರು ವಾಟ್ಸಾಪ್ ವಿಡಿಯೋ ತೋರಿಸಿ ಕೇಳಿದ್ರು. ‘ನೋಡಪ್ಪಾ, ಅಮೆರಿಕದಲ್ಲಿ ತಲೆಗೆ ಹೆಲ್ಮೆಟ್ ಥರದ್ದು ಹಾಕಿ ಮರೆವಿನ ಕಾಯಿಲೆ ವಾಸಿ ಮಾಡ್ತಾರಂತೆ. ನಮ್ಮಮ್ಮಂಗೂ ಮಾಡಿಸಬಹುದಾ? ಬೇಕಾದ್ರೆ ಸೈಟು ಮಾರ್ತೀನಿ’ ಅಂದ್ರು. ಅವರ ತಾಯಿಗೆ ಆಲ್ಝೈಮರ್ಸ್. ಒಂದೊಂದು ದಿನ ಮಗನ ಹೆಸರೇ ನೆನಪಾಗಲ್ಲ.

ಆ ಹೆಲ್ಮೆಟ್ ಇರೋದು ನಿಜ. ಆದರೆ ಸೈಟು ಮಾರೋ ಮುಂಚೆ ವಿಷಯ ಏನು ಅಂತ ತಿಳ್ಕೋಬೇಕು.

ಮೆದುಳಿಗೊಂದು ಕಾವಲು

ನಮ್ಮ ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಆಮ್ಲಜನಕ, ಸಕ್ಕರೆ ಅಂಶದಂಥ ಬೇಕಾದ್ದನ್ನು ಮಾತ್ರ ಒಳಗೆ ಬಿಡುತ್ತದೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಬಿಟ್ಟು ನೋಡಿದರು. ಉಳಿದ ಅಂಗಗಳಿಗೆಲ್ಲ ಬಣ್ಣ ಹತ್ತಿತು, ಮೆದುಳಿಗೆ ಹತ್ತಲಿಲ್ಲ. ವಿಷ, ರೋಗಾಣು ಒಳಗೆ ಹೋಗದಂತೆ ಕಾಯೋದೇ ಈ ಗೋಡೆ. ತೊಂದರೆ ಏನಂದ್ರೆ, ಅದು ಔಷಧಿಯನ್ನೂ ತಡೆಯುತ್ತೆ.

ಆಲ್ಝೈಮರ್ಸ್‌ನಲ್ಲಿ ಮೆದುಳಿನೊಳಗೆ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಗಂಟುಗಟ್ಟುತ್ತದೆ. ಇದನ್ನು ತೆಗೆಯೋ ಲೆಕಾನೆಮಾಬ್ ಇಂಜೆಕ್ಷನ್‌ಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಇಂಥ ಔಷಧಿ ರಕ್ತಕ್ಕೆ ಕೊಟ್ಟರೆ ಮೆದುಳು ಸೇರೋದು ಸುಮಾರು ಸಾವಿರದಲ್ಲಿ ಒಂದು ಭಾಗ. 18 ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಜಾಸ್ತಿಯಾಗೋ ವೇಗ 27% ಕಡಿಮೆಯಾಯ್ತು, ವಾಸಿ ಆಗಲಿಲ್ಲ. ಕೆಲವರಿಗೆ ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವವೂ ಆಯ್ತು. ಅದಕ್ಕೇ ಔಷಧಿಯನ್ನು ಒಳಗೆ ಸೇರಿಸೋ ಬೇರೆ ದಾರಿ ಹುಡುಕ್ತಿದ್ದಾರೆ.

ದಾರಿ 1: ಶಬ್ದದ ಅಲೆ

ವಿಡಿಯೋದಲ್ಲಿದ್ದದ್ದು ಇದೇ. ಮೊದಲು ರಕ್ತಕ್ಕೆ ಅತಿ ಸಣ್ಣ ಗಾಳಿಗುಳ್ಳೆಗಳನ್ನು ಬಿಡ್ತಾರೆ. ಆಮೇಲೆ ಎಂಆರ್‌ಐ ನೋಡ್ತಾ, ಹೆಲ್ಮೆಟ್‌ನಿಂದ ಅಲ್ಟ್ರಾಸೌಂಡ್ ಅಲೆಯನ್ನು ಮೆದುಳಿನ ಒಂದು ಜಾಗಕ್ಕೆ ಮಾತ್ರ ಹಾಯಿಸ್ತಾರೆ. ಗುಳ್ಳೆಗಳು ನಡುಗಿ ಗೋಡೆಯ ಸಂದು ಸಡಿಲವಾಗುತ್ತೆ. ಔಷಧಿ ಒಳಗೆ ಹೋಗುತ್ತೆ. ಒಂದೆರಡು ದಿನದಲ್ಲಿ ಗೋಡೆ ಮತ್ತೆ ಮುಚ್ಚಿಕೊಳ್ಳುತ್ತೆ.

ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯರು 2024ರ ಜನವರಿಯಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಅಲೆ ಹಾಯಿಸಿದ ಜಾಗದಲ್ಲಿ, ಹಾಯಿಸದ ಜಾಗಕ್ಕಿಂತ ಅಮಿಲಾಯ್ಡ್ ಸರಾಸರಿ 32% ಹೆಚ್ಚು ಇಳಿದಿತ್ತು. ಆದರೆ ಪರೀಕ್ಷೆಗೆ ಒಳಗಾದವರು ಮೂರೇ ಜನ. ನೆನಪು ವಾಪಸ್ ಬಂತು ಅಂತ ಅದರಲ್ಲಿ ಸಾಬೀತಾಗಿಲ್ಲ. ಅವರಿಗೆ ಕೊಟ್ಟ ಅಡುಕಾನುಮಾಬ್ ಔಷಧಿಯ ಮಾರಾಟ ನಿಲ್ಲಿಸೋದಾಗಿ ಕಂಪನಿಯೇ ಅದೇ ತಿಂಗಳು ಹೇಳಿತು.

ದಾರಿ 2: ಕಬ್ಬಿಣದ ಬಾಗಿಲು

ಮೆದುಳಿಗೆ ಕಬ್ಬಿಣದ ಅಂಶ ಬೇಕು. ಅದನ್ನು ಒಳಗೆ ತಗೊಳ್ಳೋಕೆ ಗೋಡೆಯಲ್ಲಿ ಪ್ರತ್ಯೇಕ ಬಾಗಿಲಿದೆ. ರೋಶ್ ಕಂಪನಿಯ ಟ್ರೊಂಟಿನೆಮಾಬ್ ಔಷಧಿಗೆ ಆ ಬಾಗಿಲು ಹಿಡಿಯೋ ಒಂದು ಕೊಂಡಿ ಜೋಡಿಸಿದ್ದಾರೆ. ಪಾಸ್ ಇದ್ದವರ ಹಾಗೆ ಅದು ಒಳಗೆ ಹೋಗುತ್ತೆ. ಇದರ ಮೂರನೇ ಹಂತದ ಪರೀಕ್ಷೆ 2025ರಲ್ಲಿ ಶುರುವಾಗಿದೆ.

ದಾರಿ 3: ಮೂಗು

ಮೂಗಿನ ಮೇಲ್ಭಾಗದ ನರಗಳು ನೇರ ಮೆದುಳಿಗೆ ಹೋಗ್ತವೆ. ಆ ದಾರಿಯಲ್ಲಿ ಇನ್ಸುಲಿನ್ ಸ್ಪ್ರೇ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಒಂದು ವರ್ಷ ಕೊಟ್ಟರೂ ಲಾಭ ಕಾಣಲಿಲ್ಲ. ಹಾಗಾಗಿ ‘ನೆನಪಿನ ಶಕ್ತಿ ಡ್ರಾಪ್ಸ್’ ಅಂತ ಯಾರಾದ್ರೂ ಮಾರೋಕೆ ಬಂದ್ರೆ ದುಡ್ಡು ಕೊಡಬೇಡಿ.

ಈಗ ನಾವೇನು ಮಾಡಬಹುದು?

ಮರೆವೆಲ್ಲ ಆಲ್ಝೈಮರ್ಸ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತೆ, ಇವಕ್ಕೆ ಚಿಕಿತ್ಸೆ ಇದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಆಲ್ಝೈಮರ್ಸ್ ಅಂತಲೇ ಆದ್ರೆ ಡೊನೆಪೆಜಿಲ್‌ನಂಥ ಮಾತ್ರೆ ಇವೆ. ಅವು ಮೆದುಳು ಸೇರುತ್ತವೆ, ಲಕ್ಷಣ ಸ್ವಲ್ಪ ಹತೋಟಿಗೆ ಬರಬಹುದು, ಆದರೆ ಕಾಯಿಲೆ ನಿಲ್ಲಲ್ಲ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆಯ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಡಿ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ ಶುರುವಾಗಿವೆ. ಮೊದಲು ಅಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567.

ಅಂಗಡಿಯವರಿಗೂ ಇದನ್ನೇ ಹೇಳಿದೆ. ಸೈಟು ಇರಲಿ, ಅಮ್ಮನನ್ನ ನೋಡ್ಕೊಳ್ಳೋಕೆ ಮುಂದೆ ಬೇಕಾಗುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೋಮವಾರ ಅಂಗಡಿ ಮುಚ್ಚಿ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ’ ಅಂದ್ರು.